ಹದಿನೈದು ದಿನಕ್ಕೊಂದು ಗಂಟೆ: ಸಾಫ್ಟ್‌ವೇರ್ ತಂಡಗಳ ‘ರೆಟ್ರೋ’ ಅಂದರೇನು?

ನನ್ನ ಅಕ್ಕನ ಮಗಳು ಈ ವರ್ಷ ಹಾಸನದಲ್ಲಿ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದಳು. ಸೇರಿ ಎರಡು ವಾರವಾಗಿತ್ತಷ್ಟೇ, ಒಂದು ಬುಧವಾರ ರಾತ್ರಿ ಫೋನ್ ಮಾಡಿದಳು. “ಚಿಕ್ಕಮ್ಮ, ಶುಕ್ರವಾರ ನಾಲ್ಕು ಗಂಟೆಗೆ ‘ರೆಟ್ರೋ’ ಅಂತ ಇನ್‌ವೈಟ್ ಬಂದಿದೆ. ಇಡೀ ಟೀಮ್ ಇರುತ್ತಂತೆ. ನಾನೇನಾದ್ರೂ ತಪ್ಪು ಮಾಡಿದೀನಾ?”

ಹದಿನೈದು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ನೂರಾರು ರೆಟ್ರೋಗಳಲ್ಲಿ ಕೂತಿದ್ದೇನೆ, ಎಷ್ಟನ್ನೋ ನಾನೇ ನಡೆಸಿದ್ದೇನೆ. ಆದರೂ ಅವಳ ಪ್ರಶ್ನೆಗೆ ಫೋನಿನಲ್ಲಿ ಎರಡು ಮಾತಲ್ಲಿ ಉತ್ತರ ಹೇಳಲಾಗಲಿಲ್ಲ. ಅವಳಂತೆಯೇ ಮೊದಲ ಸಲ ಈ ಪದ ಕೇಳಿದವರು, ‘ಮೀಟಿಂಗಲ್ಲಿದೀನಿ ಅಮ್ಮ, ಆಮೇಲೆ ಮಾಡ್ತೀನಿ’ ಎಂದು ಫೋನ್ ಇಡುವ ಮಕ್ಕಳಿರುವ ಅಪ್ಪ ಅಮ್ಮಂದಿರು, ಎಲ್ಲರಿಗೂ ಅರ್ಥವಾಗುವ ಹಾಗೆ ಬುಡದಿಂದ ಹೇಳಲು ನೋಡುತ್ತೇನೆ.

ಮೊದಲು ಪದಗಳು

ರೆಟ್ರೋ ಅಂದರೆ ರೆಟ್ರೋಸ್ಪೆಕ್ಟಿವ್. ಹಿಂತಿರುಗಿ ನೋಡುವುದು ಎಂದು ಅದರ ಅರ್ಥ. ಕನ್ನಡದಲ್ಲಿ ಇದಕ್ಕೆ ಇನ್ನೂ ಒಳ್ಳೆಯ ಮಾತಿದೆ: ಸಿಂಹಾವಲೋಕನ. ಸಿಂಹ ನಡೆಯುತ್ತಾ ನಡೆಯುತ್ತಾ ಆಗಾಗ ಕತ್ತು ತಿರುಗಿಸಿ ಬಂದ ದಾರಿಯನ್ನು ನೋಡಿ ಮತ್ತೆ ಮುಂದೆ ಹೆಜ್ಜೆ ಹಾಕುತ್ತದಂತೆ. ನಡಿಗೆ ನಿಲ್ಲುವುದಿಲ್ಲ, ನೋಟ ಮಾತ್ರ ಒಂದು ಕ್ಷಣ ಹಿಂದಕ್ಕೆ. ರೆಟ್ರೋ ಮಾಡುವುದೂ ಇದನ್ನೇ.

ಈಗಿನ ಸಾಫ್ಟ್‌ವೇರ್ ತಂಡಗಳು ಕೆಲಸವನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಒಡೆದುಕೊಳ್ಳುತ್ತವೆ. ಒಂದು ತುಂಡಿಗೆ ಸಾಮಾನ್ಯವಾಗಿ ಎರಡು ವಾರ. ಅದಕ್ಕೆ ಸ್ಪ್ರಿಂಟ್ ಎಂದು ಹೆಸರು. ಈ ಎರಡು ವಾರದಲ್ಲಿ ಇಷ್ಟು ಮಾಡೋಣ ಎಂದು ಮೊದಲ ದಿನ ಗೊತ್ತುಮಾಡಿಕೊಳ್ಳುತ್ತಾರೆ. ದಿನವೂ ಬೆಳಿಗ್ಗೆ ಹದಿನೈದು ನಿಮಿಷ ಸೇರಿ ಯಾರ ಕೆಲಸ ಎಲ್ಲಿಗೆ ಬಂತು ಎಂದು ಹೇಳಿಕೊಳ್ಳುತ್ತಾರೆ. ಅದು ಸ್ಟ್ಯಾಂಡಪ್. ಕೊನೆಗೆ, ಮಾಡಿದ್ದನ್ನು ಬೇಕಾದವರಿಗೆ ತೋರಿಸುತ್ತಾರೆ. ಅದು ರಿವ್ಯೂ ಅಥವಾ ಡೆಮೋ. ಇದೆಲ್ಲ ಮುಗಿದ ಮೇಲೆ ತಂಡದವರು ತಾವೇ ತಾವಾಗಿ ಕೂತು ‘ನಾವು ಕೆಲಸ ಮಾಡಿದ ರೀತಿ ಹೇಗಿತ್ತು?’ ಎಂದು ಕೇಳಿಕೊಳ್ಳುವುದು ರೆಟ್ರೋ.

ಡೆಮೋದಲ್ಲಿ ನೋಡುವುದು ಅಡುಗೆಯನ್ನು. ರೆಟ್ರೋದಲ್ಲಿ ನೋಡುವುದು ಅಡುಗೆಮನೆಯನ್ನು. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂಬುದು ಡೆಮೋದಲ್ಲೇ ಗೊತ್ತಾಗಿರುತ್ತದೆ. ಒಬ್ಬರು ಹಾಕಿದ್ದು ಗೊತ್ತಿಲ್ಲದೆ ಇನ್ನೊಬ್ಬರೂ ಹಾಕುವಂತಾದದ್ದು ಹೇಗೆ ಎಂಬುದು ರೆಟ್ರೋದ ಪ್ರಶ್ನೆ.

ಮದುವೆಮನೆ ಮತ್ತು ದೋಸೆಕಾವಲಿ

ಇಷ್ಟು ಬೇಗ ಬೇಗ ಯಾಕೆ ಹಿಂತಿರುಗಿ ನೋಡಬೇಕು? ಕೆಲಸ ಪೂರ್ತಿ ಮುಗಿದ ಮೇಲೆ ಒಂದೇ ಸಲ ನೋಡಿದರಾಗದೆ?

ಮದುವೆ ಮುಗಿದ ಮಾರನೆಯ ದಿನ ಮನೆಯಲ್ಲಿ ನಡೆಯುವ ಮಾತುಕತೆ ನೆನಪಿಸಿಕೊಳ್ಳಿ. ಎರಡನೇ ಪಂಕ್ತಿಗೆ ಪಾಯಸ ಸಾಲಲಿಲ್ಲ, ಬೀಗರ ಕಡೆಯವರಿಗೆ ಕೊಟ್ಟ ರೂಮಿನಲ್ಲಿ ಬಿಸಿನೀರು ಬರಲಿಲ್ಲ, ವಾದ್ಯದವರು ಮುಹೂರ್ತಕ್ಕೆ ಐದು ನಿಮಿಷ ಇದ್ದಾಗ ಬಂದರು. ಎಲ್ಲವೂ ನಿಜ, ಎಲ್ಲವೂ ಕಲಿಯಬೇಕಾದ್ದೇ. ಆದರೆ ಆ ಮದುವೆ ಮುಗಿದುಹೋಗಿದೆ. ಮುಂದಿನ ಮದುವೆ ಯಾವಾಗಲೋ. ಅಷ್ಟರಲ್ಲಿ ಅಡುಗೆಯವರು ಬೇರೆ, ಛತ್ರ ಬೇರೆ, ಓಡಾಡುವ ಜನವೂ ಬೇರೆ.

ಈಗ ದೋಸೆ ಹಾಕುವವರನ್ನು ನೋಡಿ. ಮೊದಲ ದೋಸೆ ಕಾವಲಿಗೆ ಹಿಡಿಯಿತು. ಯಾರೂ ಸಭೆ ಕರೆಯುವುದಿಲ್ಲ. ಉರಿ ತಗ್ಗಿಸಿ, ನೀರು ಚಿಮುಕಿಸಿ, ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಕಾವಲಿಗೆ ಉಜ್ಜುತ್ತಾರೆ. ಎರಡನೆಯದು ಸ್ವಲ್ಪ ಎದ್ದುಬರುತ್ತದೆ, ಮೂರನೆಯದು ಸಲೀಸಾಗಿ. ಕಲಿತದ್ದು ಮುಂದಿನ ದೋಸೆಗೇ ಉಪಯೋಗಕ್ಕೆ ಬಂತು. ಹಿಟ್ಟು ಅದೇ, ಕಾವಲಿ ಅದೇ, ಕೈಯೂ ಅದೇ.

ಹಿಂದೆ ಸಾಫ್ಟ್‌ವೇರ್ ಕೆಲಸ ನಡೆಯುತ್ತಿದ್ದದ್ದು ಬಹುಮಟ್ಟಿಗೆ ಮದುವೆಯ ರೀತಿಯಲ್ಲಿ. ಏನು ಬೇಕೆಂದು ಪಟ್ಟಿ ಮಾಡಲು ಕೆಲವು ತಿಂಗಳು, ವಿನ್ಯಾಸಕ್ಕೆ ಕೆಲವು ತಿಂಗಳು, ಬರೆಯಲು ಹಲವು ತಿಂಗಳು, ಕೊನೆಗೆ ಪರೀಕ್ಷೆ. ಎಲ್ಲ ಮುಗಿದ ಮೇಲೆ ‘ಕಲಿತ ಪಾಠಗಳು’ ಎಂದೊಂದು ಕಡತ ಬರೆದಿಡುವುದು. ಬರೆಯುವ ಹೊತ್ತಿಗೆ ತಂಡದ ಅರ್ಧ ಜನ ಬೇರೆ ಪ್ರಾಜೆಕ್ಟಿಗೆ ಹೋಗಿರುತ್ತಿದ್ದರು. ಮೂರನೇ ತಿಂಗಳಲ್ಲಿ ಯಾರಿಗೋ ಕಾಣಿಸಿದ್ದ ತೊಡಕು ಹದಿನೆಂಟನೇ ತಿಂಗಳಲ್ಲಿ ಕಾಗದಕ್ಕೆ ಬಂದರೆ ಯಾರಿಗೆ ಪ್ರಯೋಜನ?

2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬ ಗುಡ್ಡದೂರಿನಲ್ಲಿ 17 ಜನ ಸಾಫ್ಟ್‌ವೇರ್ ಅನುಭವಿಗಳು ಸೇರಿದರು. ಅಲ್ಲಿ ರೂಪುಗೊಂಡದ್ದು ‘ಅಜೈಲ್’, ಅಂದರೆ ಚುರುಕಾಗಿ ಕೆಲಸ ಮಾಡುವ ರೀತಿಯ, ಪ್ರಣಾಳಿಕೆ. ಅದರೊಂದಿಗೆ ಬಂದ 12 ತತ್ವಗಳಲ್ಲಿ ಕೊನೆಯದು ನಮ್ಮ ವಿಷಯವೇ: ತಂಡ ಆಗಾಗ, ತಪ್ಪದೆ, ತನ್ನ ಕೆಲಸ ಹೇಗೆ ಇನ್ನಷ್ಟು ಚೆನ್ನಾಗಿ ಆಗಬಹುದೆಂದು ಯೋಚಿಸಿ ಅದಕ್ಕೆ ತಕ್ಕಂತೆ ತನ್ನನ್ನು ತಿದ್ದಿಕೊಳ್ಳಬೇಕು. ಕೆನ್ ಶ್ವೇಬರ್ ಮತ್ತು ಜೆಫ್ ಸದರ್ಲ್ಯಾಂಡ್ ಕಟ್ಟಿದ ‘ಸ್ಕ್ರಮ್’ ಪದ್ಧತಿ ಇದನ್ನು ಕಡ್ಡಾಯ ಸಭೆಯಾಗಿಯೇ ಇಟ್ಟುಕೊಂಡಿತು. ಅದರ ಪ್ರಕಾರ ಒಂದು ತಿಂಗಳ ಸ್ಪ್ರಿಂಟಿಗೆ ರೆಟ್ರೋ ಹೆಚ್ಚೆಂದರೆ ಮೂರು ಗಂಟೆ. ಎರಡು ವಾರದ್ದಾದರೆ ಒಂದು, ಒಂದೂವರೆ ಗಂಟೆ ಸಾಕು.

ಈ ಯೋಚನೆಯ ಬೇರು ಇನ್ನೂ ಹಳೆಯದು, ಅದಿರುವುದು ಜಪಾನಿನಲ್ಲಿ. ನೂಲು ಕಡಿದ ಕೂಡಲೇ ತಾನಾಗಿ ನಿಲ್ಲುವ ಮಗ್ಗ ಮಾಡಿದ ಸಕಿಚಿ ಟೊಯೊಡಾ ಅವರ ಹೆಸರಿನೊಂದಿಗೆ ‘ಐದು ಯಾಕೆಗಳು’ ಎಂಬ ಪದ್ಧತಿ ಸೇರಿಕೊಂಡಿದೆ. ತೊಂದರೆ ಕಂಡರೆ ಒಂದು ಯಾಕೆಗೆ ನಿಲ್ಲಬೇಡ, ಬುಡ ಸಿಗುವವರೆಗೆ ಕೇಳುತ್ತಾ ಹೋಗು ಎಂಬುದು ಅದರ ಸಾರ. ಅವರ ಮನೆತನ ಮುಂದೆ ಕಟ್ಟಿದ್ದೇ ಟೊಯೊಟಾ ಕಾರು ಕಂಪನಿ, ನಮ್ಮ ಬಿಡದಿಯಲ್ಲಿ ಕಾರ್ಖಾನೆ ಇರುವುದು ಅದರದ್ದೇ. ಅಲ್ಲಿನ ಕಾರ್ಖಾನೆ ಪದ್ಧತಿಯಿಂದ ಸಾಫ್ಟ್‌ವೇರಿನವರು ಎರವಲು ಪಡೆದದ್ದು ಬಹಳ.

ನಾನು ಕೂತ ಒಂದು ರೆಟ್ರೋ

ಎಸ್ತರ್ ಡರ್ಬಿ ಮತ್ತು ಡಯಾನಾ ಲಾರ್ಸೆನ್ ಎಂಬ ಇಬ್ಬರು 2006ರಲ್ಲಿ ರೆಟ್ರೋ ನಡೆಸಲು ಐದು ಹಂತಗಳನ್ನು ಹೇಳಿದರು. ಜಗತ್ತಿನ ಬಹುತೇಕ ತಂಡಗಳು ಗೊತ್ತಿದ್ದೋ ಗೊತ್ತಿಲ್ಲದೆಯೋ ಇವನ್ನೇ ಅನುಸರಿಸುತ್ತವೆ: ವಾತಾವರಣ ಹದ ಮಾಡುವುದು, ನಡೆದದ್ದನ್ನು ಕಲೆಹಾಕುವುದು, ಯಾಕೆಂದು ಹುಡುಕುವುದು, ಏನು ಮಾಡಬೇಕೆಂದು ತೀರ್ಮಾನಿಸುವುದು, ಮುಗಿಸುವುದು. ಹೀಗೆ ಒಣ ಒಣವಾಗಿ ಹೇಳಿದರೆ ಏನೂ ಕಾಣುವುದಿಲ್ಲ. ಹಾಗಾಗಿ ಕೆಲವು ವರ್ಷದ ಹಿಂದೆ ನಾನಿದ್ದ ಒಂದು ತಂಡದಲ್ಲಿ ನಡೆದದ್ದನ್ನೇ ಹೇಳುತ್ತೇನೆ.

ನಾವು ಎಂಟು ಜನ. ಬಿಲ್ ಕಟ್ಟುವ ಒಂದು ಆ್ಯಪ್‌ನ ಕೆಲಸ. ಒಂದು ಗುರುವಾರ ರಾತ್ರಿ ಹೊಸ ಆವೃತ್ತಿ ಬಿಡಬೇಕಿತ್ತು. ಬಿಡುವ ಕೆಲಸ, ಅಂದರೆ ರಿಲೀಸ್, ತಂಡದ ಅತ್ಯಂತ ಕಿರಿಯ ಹುಡುಗನ ಪಾಲಿಗೆ ಬಂತು. ರಾತ್ರಿ ಹನ್ನೊಂದಕ್ಕೆ ಹಣ ಕಟ್ಟುವ ಪುಟ ನಿಂತುಹೋಯಿತು. ಸರಿಯಾಗುವಾಗ ಒಂದು ಗಂಟೆ ದಾಟಿತ್ತು. ಬೆಳಿಗ್ಗೆ ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: “ಅವನು ಒಂದು ಸ್ಟೆಪ್ ಬಿಟ್ಟುಬಿಟ್ಟಿದಾನೆ.” ಅವನು ತಲೆ ತಗ್ಗಿಸಿ ಕೂತಿದ್ದ. ಕಾಫಿಗೆ ಕರೆದರೂ ಬರಲಿಲ್ಲ.

ಮುಂದಿನ ವಾರದ ರೆಟ್ರೋ ನಡೆಸಿದ್ದು ನಮ್ಮ ಟೆಸ್ಟರ್, ಅಂದರೆ ಬರೆದ ಪ್ರೋಗ್ರಾಂ ಸರಿಯಿದೆಯೇ ಎಂದು ಪರೀಕ್ಷಿಸುವವರು. ಆಕೆ ಮೊದಲು ಎಲ್ಲರಿಗೂ ಒಂದೊಂದು ಮಾತು ಹೇಳಲು ಹೇಳಿದರು: ಈ ಎರಡು ವಾರಕ್ಕೆ ಒಂದು ಪದ ಕೊಡಿ. ‘ಸುಸ್ತು’, ‘ಗಡಿಬಿಡಿ’, ‘ಪರವಾಗಿಲ್ಲ’. ಆ ಹುಡುಗ ‘ಬೇಜಾರು’ ಎಂದ. ಇದು ಹೊರಗಿನಿಂದ ನೋಡಿದವರಿಗೆ ಆಟದಂತೆ ಕಾಣಬಹುದು. ಇದಕ್ಕೆ ಒಂದು ಕಾರಣವಿದೆ. ಸಭೆಯ ಮೊದಲ ಐದು ನಿಮಿಷದಲ್ಲಿ ಒಮ್ಮೆ ಬಾಯಿ ತೆರೆದವರು ಆಮೇಲೂ ಮಾತಾಡುತ್ತಾರೆ. ತೆರೆಯದವರು ಕೊನೆಯವರೆಗೂ ಸುಮ್ಮನಿದ್ದುಬಿಡುತ್ತಾರೆ.

ಆಮೇಲೆ ಬೋರ್ಡಿನ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದು ಸೋಮವಾರ, ಮಂಗಳವಾರ ಎಂದು ಗುರುತು ಹಾಕಿದರು. ಎಲ್ಲರ ಕೈಗೂ ಹಳದಿ ಅಂಟುಚೀಟಿಗಳ ಕಟ್ಟು. “ಏಳು ನಿಮಿಷ ಯಾರೂ ಮಾತಾಡೋದು ಬೇಡ. ನೀವು ಕಂಡದ್ದು, ನಿಮಗೆ ನಡೆದದ್ದು, ಒಂದು ಚೀಟಿಗೆ ಒಂದು ಬರೆದು ಆ ದಿನದ ಕೆಳಗೆ ಅಂಟಿಸಿ. ಯಾವ ಭಾಷೆಯಾದ್ರೂ ಸರಿ.” ಈ ಮೌನ ರೆಟ್ರೋದ ಜೀವ ಎನ್ನುವುದು ನನ್ನ ಅನುಭವ. ಮಾತಿನಿಂದ ಶುರುಮಾಡಿದರೆ ಮೊದಲು ಮಾತಾಡಿದವರ ದಾರಿಯಲ್ಲೇ ಉಳಿದ ಏಳು ಜನರ ಯೋಚನೆಯೂ ಹರಿದುಬಿಡುತ್ತದೆ. ಬರೆಯುವಾಗ ಪ್ರತಿಯೊಬ್ಬರೂ ತಮ್ಮದೇ ನೆನಪಿನ ಜೊತೆ ಕೂರುತ್ತಾರೆ.

ಚೀಟಿಗಳು ಒಂದೊಂದಾಗಿ ಗೆರೆಯ ಕೆಳಗೆ ತುಂಬಿದವು. ಗುರುವಾರದ ಕೆಳಗೆ ಸಣ್ಣ ದುಂಡು ಅಕ್ಷರದಲ್ಲಿ, ಕನ್ನಡದಲ್ಲಿ ಒಂದು ಚೀಟಿ ಇತ್ತು. “ರಾತ್ರಿ 10:40. ಲಿಸ್ಟ್ ಸರಿ ಇದೆಯಾ ಅಂತ ಗ್ರೂಪಲ್ಲಿ ಕೇಳಿದೆ. ಯಾರೂ ಇರ್ಲಿಲ್ಲ.”

ಒಬ್ಬರು ಮೊಬೈಲ್ ತೆಗೆದು ನೋಡಿದರು. ಹೌದು, ಮೆಸೇಜ್ ಅಲ್ಲೇ ಇತ್ತು. ನಾವು ಏಳೂ ಜನ ಅದನ್ನು ನೋಡಿದ್ದು ಬೆಳಿಗ್ಗೆ.

ಅಲ್ಲಿಂದ ಯಾಕೆಗಳು ಶುರುವಾದವು. ಹಣ ಕಟ್ಟುವ ಪುಟ ಯಾಕೆ ನಿಂತಿತು? ಹೊಸ ಸೆಟ್ಟಿಂಗ್ ಆ್ಯಪ್ ನಡೆಸುವ ಎರಡು ಕಂಪ್ಯೂಟರ್‌ಗಳಲ್ಲಿ, ಅಂದರೆ ಸರ್ವರ್‌ಗಳಲ್ಲಿ, ಒಂದಕ್ಕೆ ಮಾತ್ರ ಹೋಗಿತ್ತು. ಯಾಕೆ? ರಿಲೀಸಿನ ಪಟ್ಟಿಯಲ್ಲಿ ಎರಡನೇ ಸರ್ವರಿನ ಹೆಸರೇ ಇರಲಿಲ್ಲ. ಹುಡುಗ ಯಾವ ಸ್ಟೆಪ್ಪನ್ನೂ ಬಿಟ್ಟಿರಲಿಲ್ಲ, ಪಟ್ಟಿಯಲ್ಲಿ ಇದ್ದದ್ದನ್ನೆಲ್ಲ ಮಾಡಿದ್ದ. ಪಟ್ಟಿಯಲ್ಲಿ ಯಾಕಿರಲಿಲ್ಲ? ಆ ಸರ್ವರ್ ಸೇರಿಸಿದ್ದು ಎರಡು ತಿಂಗಳ ಹಿಂದೆ, ಪಟ್ಟಿ ಅದಕ್ಕಿಂತ ಹಳೆಯದು. ಯಾಕೆ ತಿದ್ದಿರಲಿಲ್ಲ? ಪ್ರತಿ ಸಲ ರಿಲೀಸ್ ಮಾಡುತ್ತಿದ್ದ ಸೀನಿಯರ್‌ಗೆ ಎಲ್ಲವೂ ಬಾಯಿಪಾಠ, ಪಟ್ಟಿ ತೆರೆದು ನೋಡುವ ಪ್ರಮೇಯವೇ ಬಂದಿರಲಿಲ್ಲ. ಹಾಗಾದರೆ ಆ ಒಬ್ಬರಿಗೇ ಯಾಕೆ ಗೊತ್ತಿತ್ತು? ಇನ್ನೊಬ್ಬರಿಗೆ ಕಲಿಸಬೇಕೆಂದು ತಂಡದಲ್ಲಿ ಯಾರೂ ಯಾವತ್ತೂ ಗೊತ್ತುಮಾಡಿರಲಿಲ್ಲ.

ಆ ಸೀನಿಯರ್ ನಾನೇ. ಆ ಗುರುವಾರ ಸಂಬಂಧಿಕರ ಮದುವೆಗೆಂದು ರಜೆಯಲ್ಲಿದ್ದೆ. ಎರಡನೇ ಸರ್ವರ್ ಸೇರಿಸಿದವಳೂ ನಾನೇ. ಬೆಳಿಗ್ಗೆ ಬಂದು ‘ಅವನು ಸ್ಟೆಪ್ ಬಿಟ್ಟಿದಾನೆ’ ಎಂಬ ಮಾತು ಕೇಳಿದಾಗ ನಾನೂ ನಂಬಿದ್ದೆ. ಬೋರ್ಡಿನ ಮುಂದೆ ನಿಂತು ಅದನ್ನು ಹೇಳಿದಾಗ ನನ್ನ ಗಂಟಲು ಕಟ್ಟಿತ್ತು. ಆದರೆ ಯಾರೂ ನನ್ನತ್ತ ಬೆರಳು ತೋರಿಸಲಿಲ್ಲ. ಅಷ್ಟು ಹೊತ್ತಿಗೆ ಬೋರ್ಡಿನ ಮೇಲಿದ್ದ ಪ್ರಶ್ನೆ ‘ಯಾರು’ ಎಂಬುದನ್ನು ದಾಟಿ ಮುಂದೆ ಹೋಗಿತ್ತು.

ಆಮೇಲೆ ತೀರ್ಮಾನ. ಏನೇನು ಮಾಡಬಹುದೆಂದು ಒಂಬತ್ತು ಸಲಹೆ ಬಂದವು. ಪ್ರತಿಯೊಬ್ಬರಿಗೂ ಮೂರು ಚುಕ್ಕೆ; ಮುಖ್ಯ ಅನ್ನಿಸಿದ್ದರ ಪಕ್ಕ ಇಡಬೇಕು. ಚುಕ್ಕೆ ಹೆಚ್ಚು ಬಿದ್ದ ಎರಡನ್ನು ಮಾತ್ರ ಉಳಿಸಿಕೊಂಡೆವು. ಒಂದು, ಇನ್ನು ಮೇಲೆ ರಿಲೀಸ್ ಹಗಲಿನಲ್ಲಿ, ಇಬ್ಬರು ಕೂತು. ಎರಡು, ರಿಲೀಸ್ ಪಟ್ಟಿಯನ್ನು ಪ್ರೋಗ್ರಾಮಿನ ಜೊತೆಗೇ ಇಡುವುದು, ಸರ್ವರ್ ಸೇರಿಸಿದವರು ಪಟ್ಟಿ ತಿದ್ದದೆ ಕೆಲಸ ಮುಗಿಯಿತೆನ್ನುವಂತಿಲ್ಲ. ಮೊದಲನೆಯದಕ್ಕೆ ಟೆಸ್ಟರ್ ಹೆಸರು, ಎರಡನೆಯದಕ್ಕೆ ನನ್ನ ಹೆಸರು, ಪಕ್ಕದಲ್ಲಿ ತಾರೀಕು. ಒಂದು ಗಂಟೆ ಹತ್ತು ನಿಮಿಷವಾಗಿತ್ತು. ಹುಡುಗ ಆವತ್ತು ಕಾಫಿಗೆ ಬಂದ.

ಬೆರಳು ತೋರಿಸದಿರುವುದು ಬರೀ ಒಳ್ಳೆಯತನವೇ?

ತಪ್ಪು ಮಾಡಿದವರನ್ನು ಹೀಗೆ ಬಿಟ್ಟರೆ ಹೇಗೆ ಎಂದು ಅನೇಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಉತ್ತರ ಕರುಣೆಯಲ್ಲಿಲ್ಲ, ಮಾಹಿತಿಯಲ್ಲಿದೆ.

ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ವಾರ್ಡುಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳ ಬಗ್ಗೆ ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಎಂಬ ನಿರೀಕ್ಷೆ ಸಹಜ. ಲೆಕ್ಕ ತಿರುವುಮುರುವಾಗಿ ಬಂತು. ಒಳ್ಳೆಯ ತಂಡಗಳಲ್ಲೇ ದಾಖಲಾದ ತಪ್ಪುಗಳು ಹೆಚ್ಚು. ಕೆದಕಿ ನೋಡಿದಾಗ ಕಂಡದ್ದು ಇದು: ಅಲ್ಲಿನವರು ತಪ್ಪಾದಾಗ ಬಾಯಿಬಿಟ್ಟು ಹೇಳುತ್ತಿದ್ದರು, ಉಳಿದ ಕಡೆ ಹೆದರಿ ಮುಚ್ಚಿಡುತ್ತಿದ್ದರು. 1999ರಲ್ಲಿ ಅವರು ಇದನ್ನು ‘ಮಾನಸಿಕ ಸುರಕ್ಷತೆ’ ಎಂಬ ಹೆಸರಿನಲ್ಲಿ ವಿವರಿಸಿದರು. ಪ್ರಶ್ನೆ ಕೇಳಿದರೆ, ಗೊತ್ತಿಲ್ಲ ಎಂದರೆ, ತಪ್ಪಾಯ್ತು ಎಂದರೆ ಇಲ್ಲಿ ನನ್ನನ್ನು ಯಾರೂ ಕೀಳಾಗಿ ಕಾಣುವುದಿಲ್ಲ ಎಂಬ ನಂಬಿಕೆ ಅದು. ಮುಂದೆ ಗೂಗಲ್ ಕಂಪನಿ ತನ್ನ ನೂರಕ್ಕೂ ಹೆಚ್ಚು ತಂಡಗಳನ್ನು ಅಧ್ಯಯನ ಮಾಡಿದಾಗಲೂ ಒಳ್ಳೆಯ ತಂಡಗಳಲ್ಲಿ ಮೊದಲು ಕಂಡ ಗುಣ ಇದೇ.

ಆ 10:40ರ ಚೀಟಿಯನ್ನೇ ನೋಡಿ. ಬೈಗುಳ ಕಾದಿದೆ ಎಂದು ಆ ಹುಡುಗನಿಗೆ ಅನ್ನಿಸಿದ್ದರೆ ಚೀಟಿ ಬರುತ್ತಿರಲಿಲ್ಲ. ಚೀಟಿ ಬರದಿದ್ದರೆ ಹಳೆಯ ಪಟ್ಟಿ ಹಾಗೇ ಉಳಿಯುತ್ತಿತ್ತು. ಮುಂದೊಂದು ದಿನ ಮತ್ತೊಬ್ಬರು ಅದೇ ಹಳ್ಳಕ್ಕೆ ಬೀಳುತ್ತಿದ್ದರು.

2001ರಲ್ಲಿ ನಾರ್ಮನ್ ಕರ್ತ್ ಎಂಬುವರು ರೆಟ್ರೋಗಳಿಗೆ ಒಂದು ಮೂಲಸೂತ್ರ ಕೊಟ್ಟರು. ಅದನ್ನು ಎಷ್ಟೋ ತಂಡಗಳು ಸಭೆಯ ಆರಂಭದಲ್ಲಿ ಓದುತ್ತವೆ. ಅದರ ಸಾರಾಂಶ ಇಷ್ಟು: ಆಗ ಅವರಿಗೆ ಗೊತ್ತಿದ್ದದ್ದು, ಅವರ ಕೌಶಲ, ಕೈಗೆ ಸಿಕ್ಕಿದ್ದ ಅನುಕೂಲ, ಆಗಿನ ಪರಿಸ್ಥಿತಿ, ಇಷ್ಟರಲ್ಲಿ ಪ್ರತಿಯೊಬ್ಬರೂ ತಮ್ಮಿಂದಾದಷ್ಟು ಚೆನ್ನಾಗಿಯೇ ಮಾಡಿದ್ದಾರೆ ಎಂದು ನಂಬಿ ಕೂರೋಣ.

ಕನ್ನಡ ಮಾತಾಡುವವರಿಗೆ ಇಲ್ಲೊಂದು ಅನುಕೂಲವೂ ಇದೆ, ತೊಡಕೂ ಇದೆ. ‘ತಪ್ಪು ಮಾಡಿದೆ’ ಎಂದು ಒಂದು ಮಾತು, ‘ತಪ್ಪಾಯ್ತು’ ಎಂದು ಇನ್ನೊಂದು. ‘ಮಾಡಿದೆ’ ಅಂದರೆ ಪೂರ್ತಿ ಒಬ್ಬರ ತಲೆಗೆ ಬಂತು. ‘ಆಯ್ತು’ ಅಂದರೆ ಯಾರ ತಲೆಗೂ ಇಲ್ಲ, ಮಳೆ ಬಂದ ಹಾಗೆ ತಾನಾಗಿ ಬಂತು. ಎರಡರಲ್ಲೂ ಹುಡುಕಾಟ ನಿಂತುಹೋಗುತ್ತದೆ. ಒಬ್ಬರು ಸಿಕ್ಕಿಬಿದ್ದರು ಎಂದು ಮೊದಲನೆಯದು ನಿಲ್ಲುತ್ತದೆ, ಏನು ಮಾಡೋಕಾಗುತ್ತೆ ಬಿಡಿ ಎಂದು ಎರಡನೆಯದು. ರೆಟ್ರೋ ನಡೆಸುವವರು ‘ಹೇಗಾಯ್ತು, ಮೊದಲಿಂದ ಹೇಳಿ’ ಎಂದು ಕೇಳಿದರೆ ಮಾತು ಮುಂದೆ ಹೋಗುತ್ತದೆ. ಅನುಭವದಿಂದ ಕಲಿತದ್ದು ಇದು.

ಬೆರಳು ತೋರಿಸದಿರುವುದಕ್ಕೆ ನಮ್ಮಲ್ಲಿ ಬಲು ದೊಡ್ಡ ನಿದರ್ಶನವಿದೆ, ಸಾಫ್ಟ್‌ವೇರಿನದ್ದಲ್ಲ. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹಾರಿದ ಎಸ್‌ಎಲ್‌ವಿ-3 ರಾಕೆಟ್ ಒಂದು ವಾಲ್ವ್ ಕೈಕೊಟ್ಟಿದ್ದರಿಂದ ಬಂಗಾಳಕೊಲ್ಲಿಗೆ ಬಿತ್ತು. ಯೋಜನೆಯ ನಿರ್ದೇಶಕರು ಎ.ಪಿ.ಜೆ. ಅಬ್ದುಲ್ ಕಲಾಂ. ಪತ್ರಕರ್ತರ ಎದುರು ಹೋಗಿ ಕೂತು ಹೊಣೆ ಹೊತ್ತವರು ಇಸ್ರೋ ಅಧ್ಯಕ್ಷರಾಗಿದ್ದ ಸತೀಶ್ ಧವನ್. ಮರುವರ್ಷ, 1980ರ ಜುಲೈ 18ರಂದು ಅದೇ ಮಾದರಿಯ ಇನ್ನೊಂದು ರಾಕೆಟ್ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ ಧವನ್ ಪತ್ರಿಕಾಗೋಷ್ಠಿಗೆ ಕಲಾಂ ಅವರನ್ನೇ ಮುಂದೆ ಕಳಿಸಿದರು. ಕಲಾಂ ಇದನ್ನು ಜೀವನಪೂರ್ತಿ ಹೇಳಿಕೊಂಡು ಬಂದರು. ಮೇಲಿನವರು ಹೊರಗಿನ ಏಟನ್ನು ತಾವು ತಡೆದುಕೊಂಡರೆ ಒಳಗಿನವರು ವಾಲ್ವ್ ಎಲ್ಲಿ ಕೈಕೊಟ್ಟಿತೆಂದು ನಿರ್ಭಯವಾಗಿ ಹುಡುಕುತ್ತಾರೆ.

ಪೋಸ್ಟ್‌ಮಾರ್ಟಮ್ ಮತ್ತು ರೆಟ್ರೋ ಒಂದೇ ಅಲ್ಲ

ಆಫೀಸುಗಳಲ್ಲಿ ಪೋಸ್ಟ್‌ಮಾರ್ಟಮ್ ಎಂಬ ಪದವೂ ಕೇಳಿಬರುತ್ತದೆ. ಏನೋ ದೊಡ್ಡದು ಕೆಟ್ಟಾಗ ಅದೊಂದನ್ನೇ ಹಿಡಿದು ಪರಿಶೀಲಿಸುವುದು ಪೋಸ್ಟ್‌ಮಾರ್ಟಮ್. ರೆಟ್ರೋ ಏನೂ ಕೆಡದಿದ್ದರೂ ನಡೆಯುತ್ತದೆ. ಒಂದು ಆಸ್ಪತ್ರೆಗೆ ದಾಖಲಾದಾಗಿನ ತಪಾಸಣೆ, ಇನ್ನೊಂದು ಆಗಾಗ ಬಿಪಿ, ಶುಗರ್ ನೋಡಿಸಿಕೊಳ್ಳುವ ಹಾಗೆ.

ಆದರೂ ಎರಡರ ಮನೋಭಾವ ಒಂದೇ. ಅದಕ್ಕೆ ಬಹಿರಂಗವಾಗಿರುವ ಒಳ್ಳೆಯ ಉದಾಹರಣೆ ಗಿಟ್‌ಲ್ಯಾಬ್ ಕಂಪನಿಯದ್ದು. ಪ್ರೋಗ್ರಾಮರ್‌ಗಳು ತಮ್ಮ ಕೆಲಸವನ್ನು ಜೋಪಾನವಾಗಿ ಇಟ್ಟುಕೊಳ್ಳುವ ಜಾಗ ಅದು. 2017ರ ಜನವರಿ 31ರಂದು, ತಡರಾತ್ರಿಯವರೆಗೆ ತೊಂದರೆಯೊಂದರ ಜೊತೆ ಗುದ್ದಾಡುತ್ತಿದ್ದ ಅಲ್ಲಿನ ಒಬ್ಬ ಇಂಜಿನಿಯರ್, ಎರಡನೇ ಸರ್ವರಿನಲ್ಲಿ ಕೊಡಬೇಕಿದ್ದ ಅಳಿಸುವ ಆದೇಶವನ್ನು ಮುಖ್ಯ ಸರ್ವರಿನಲ್ಲಿ ಕೊಟ್ಟುಬಿಟ್ಟರು. ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿ ಮಾಹಿತಿ ಅಳಿದುಹೋಗಿತ್ತು.

‘ಯಾರು?’ ಎಂದು ಕೇಳಿದ್ದರೆ ಉತ್ತರ ಒಂದು ಹೆಸರು, ಅಲ್ಲಿಗೆ ಮುಗಿಯಿತು. ಕಂಪನಿ ‘ಹೇಗೆ?’ ಎಂದು ಕೇಳಿ ಎಲ್ಲವನ್ನೂ ಪ್ರಕಟಿಸಿತು. ಮುಖ್ಯ ಬ್ಯಾಕಪ್, ಅಂದರೆ ಮಾಹಿತಿಯ ಇನ್ನೊಂದು ಪ್ರತಿ ತೆಗೆದಿಡುವ ಕೆಲಸ, ಬಹಳ ದಿನದಿಂದ ಆಗುತ್ತಲೇ ಇರಲಿಲ್ಲ, ಏಕೆಂದರೆ ಬ್ಯಾಕಪ್ ಮಾಡುವ ಸಾಧನದ ಆವೃತ್ತಿಯೂ ಡೇಟಾಬೇಸಿನ ಆವೃತ್ತಿಯೂ ಹೊಂದುತ್ತಿರಲಿಲ್ಲ. ವಿಫಲವಾದಾಗ ಎಚ್ಚರಿಸುವ ಇಮೇಲ್‌ಗಳು ಇದ್ದವು, ಅವನ್ನು ಮೇಲ್ ವ್ಯವಸ್ಥೆಯೇ ತಿರಸ್ಕರಿಸುತ್ತಿತ್ತು. ಬ್ಯಾಕಪ್ ಸರಿಯಿದೆಯೇ ಎಂದು ಯಾಕೆ ಯಾರೂ ನೋಡಿರಲಿಲ್ಲ? ಅದು ಯಾರ ಹೊಣೆ ಎಂದು ಗೊತ್ತುಮಾಡಿರಲೇ ಇಲ್ಲ. ನನ್ನ ಹಳೆಯ ತಂಡದ ಐದನೇ ಯಾಕೆಗೆ ಸಿಕ್ಕ ಉತ್ತರವೂ ಹೆಚ್ಚು ಕಡಿಮೆ ಇದೇ ಅಲ್ಲವೇ? ಅದೃಷ್ಟಕ್ಕೆ ಆರು ಗಂಟೆ ಹಿಂದೆ ಬೇರೇನೋ ಕೆಲಸಕ್ಕೆಂದು ತೆಗೆದಿಟ್ಟಿದ್ದ ಒಂದು ಪ್ರತಿ ಇತ್ತು. ಅದರಿಂದ ಎಲ್ಲವನ್ನೂ ಮತ್ತೆ ಕಟ್ಟಿದರು. ನಡುವಿನ ಆರು ಗಂಟೆಯದ್ದು ಹೋಯಿತು.

ಎಲ್ಲಿ ಹಳಿ ತಪ್ಪುತ್ತದೆ

ರೆಟ್ರೋ ಎಂದರೆ ಮೂಗು ಮುರಿಯುವ ಜನ ಬಹಳ. ‘ಅದೇ ಗೋಳು, ಏನೂ ಬದಲಾಗಲ್ಲ’ ಎನ್ನುತ್ತಾರೆ. ಅವರು ಕಂಡ ರೆಟ್ರೋಗಳು ಹಾಗೆಯೇ ಇದ್ದಿರಬಹುದು.

ಮುಖ್ಯ ಕಾರಣ, ತೀರ್ಮಾನಗಳು ಬೋರ್ಡಿನ ಮೇಲೇ ಉಳಿಯುವುದು. ಹನ್ನೆರಡು ಅಂಶದ ಪಟ್ಟಿ ಆಗುತ್ತದೆ, ‘ಸಂವಹನ ಉತ್ತಮಪಡಿಸಿಕೊಳ್ಳಬೇಕು’ ಎಂಬಂಥವು. ಇದನ್ನು ಸೋಮವಾರ ಬೆಳಿಗ್ಗೆ ಯಾರು ಎಲ್ಲಿಂದ ಶುರುಮಾಡುವುದು? ‘ರಿಲೀಸ್ ದಿನ ಗ್ರೂಪಿನಲ್ಲಿ ಬಂದ ಪ್ರಶ್ನೆಗೆ ಉತ್ತರಿಸಲು ಇಂಥವರು’ ಎಂದಿದ್ದರೆ ಮಾಡಬಹುದು. ಒಂದೋ ಎರಡೋ ತೀರ್ಮಾನ, ಪ್ರತಿಯೊಂದಕ್ಕೆ ಒಂದು ಹೆಸರು, ಒಂದು ತಾರೀಕು. ಮುಂದಿನ ರೆಟ್ರೋ ಶುರುವಾಗಬೇಕಾದ್ದು ‘ಹೋದ ಸಲದ್ದು ಏನಾಯ್ತು?’ ಎಂಬಲ್ಲಿಂದ. ಇದೊಂದನ್ನು ಬಿಡದೆ ಮಾಡಿದರೂ ಅರ್ಧ ರೋಗ ವಾಸಿ.

ಇನ್ನೊಂದು, ಕೋಣೆಯಲ್ಲಿ ಯಾರಿದ್ದಾರೆ ಎಂಬುದು. ಅಪ್ರೈಸಲ್ ಬರೆಯುವ ಮ್ಯಾನೇಜರ್ ಎದುರು ಕೂತಿದ್ದರೆ ‘ಎಲ್ಲ ಚೆನ್ನಾಗಿದೆ ಸರ್’ ಎನ್ನುವುದು ನಮ್ಮಲ್ಲಿ ಸಹಜ, ದೊಡ್ಡವರ ಎದುರು ಎದುರಾಡಬಾರದು ಎಂದು ಕಲಿತು ಬೆಳೆದವರು ನಾವು. ಕೆಲವು ತಂಡಗಳಲ್ಲಿ ಮ್ಯಾನೇಜರ್ ಕೊನೆಯ ಹದಿನೈದು ನಿಮಿಷಕ್ಕೆ ಮಾತ್ರ ಬರುತ್ತಾರೆ. ಇನ್ನು ಕೆಲವರು ಬಂದು ಕೂತು ತಮ್ಮದೇ ಒಂದು ತಪ್ಪಿನಿಂದ ಮಾತು ಶುರುಮಾಡುತ್ತಾರೆ. ಎರಡನೆಯದು ಕಷ್ಟ, ಆದರೆ ಹೆಚ್ಚು ಫಲ ಕೊಡುವುದನ್ನು ಕಂಡಿದ್ದೇನೆ. ಮನೆಯಿಂದ ಕೆಲಸ ಮಾಡುವ ತಂಡಗಳಲ್ಲಿ ಹೆಸರು ಕಾಣದಂತೆ ಚೀಟಿ ಬರೆಯುವ ಆನ್‌ಲೈನ್ ಬೋರ್ಡುಗಳಿವೆ, ಹೊಸ ತಂಡಕ್ಕೆ ಅವು ಒಳ್ಳೆಯ ಆಸರೆ.

ಭಾಷೆಯ ವಿಷಯ ಒಂದು ಮಾತು. ಬೆಂಗಳೂರಿನ ತಂಡಗಳಲ್ಲಿ ರೆಟ್ರೋ ನಡೆಯುವುದು ಇಂಗ್ಲಿಷಿನಲ್ಲಿ. ಜಿಲ್ಲೆಗಳಿಂದ ಬಂದ ಹುಡುಗ ಹುಡುಗಿಯರಿಗೆ ಕೋಡ್ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡುವುದು ಸುಲಭ, ‘ನನಗೆ ಆವತ್ತು ಭಯ ಆಯ್ತು’ ಎಂದು ಹೇಳುವುದು ಕಷ್ಟ. ಯಾವ ಭಾಷೆಯಲ್ಲಾದರೂ ಬರೆಯಿರಿ ಎಂದರೆ ತಮಿಳಿನಲ್ಲಿ, ಹಿಂದಿಯಲ್ಲಿ, ಕನ್ನಡದಲ್ಲಿ ಚೀಟಿಗಳು ಬರುತ್ತವೆ. ಓದಿ ಹೇಳಲು ಪಕ್ಕದವರು ಇದ್ದೇ ಇರುತ್ತಾರೆ.

ಕೆಲಸದ ಒತ್ತಡ ಹೆಚ್ಚಾದಾಗ ಮೊದಲು ರದ್ದಾಗುವ ಸಭೆಯೂ ಇದೇ. ಲೆಕ್ಕ ಹಾಕಿ ನೋಡೋಣ. ಎಂಟು ಜನ, ದಿನಕ್ಕೆ ಎಂಟು ಗಂಟೆ, ಹತ್ತು ಕೆಲಸದ ದಿನ: ಒಟ್ಟು 640 ಗಂಟೆ. ಒಂದು ಗಂಟೆಯ ರೆಟ್ರೋಗೆ ಹೋಗುವುದು 8 ಗಂಟೆ, ನೂರಕ್ಕೆ ಒಂದೂಕಾಲು. ಆ ಗುರುವಾರ ರಾತ್ರಿಯ ಎರಡು ಗಂಟೆ, ಮಾರನೆಯ ದಿನ ಎಂಟೂ ಜನ ಗ್ರಾಹಕರ ದೂರುಗಳ ಹಿಂದೆ ಓಡಾಡಿದ್ದು, ಇವೆರಡನ್ನು ಸೇರಿಸಿದರೆ ಹಲವು ರೆಟ್ರೋಗಳ ಸಮಯವಾಗುತ್ತಿತ್ತು.

ಎಲ್ಲ ತೊಂದರೆಯೂ ರೆಟ್ರೋದಿಂದ ಬಗೆಹರಿಯುವುದಿಲ್ಲ ಎಂಬುದನ್ನೂ ಹೇಳಬೇಕು. ಜನ ಸಾಲದೆ ಇರುವುದು, ಆಗದ ತಾರೀಕನ್ನು ಮೇಲಿನವರು ಗ್ರಾಹಕರಿಗೆ ಮಾತು ಕೊಟ್ಟುಬಿಡುವುದು, ಇಂಥವು ತಂಡದ ಕೈಯಲ್ಲಿಲ್ಲ. ಅವನ್ನು ಬೇರೆಯಾಗಿ ಬರೆದು, ಮೇಲಕ್ಕೆ ಮುಟ್ಟಿಸುವ ಹೊಣೆಯನ್ನು ಒಬ್ಬರಿಗೆ ಕೊಟ್ಟು, ಉಳಿದ ಸಮಯವನ್ನು ಕೈಯಲ್ಲಿರುವುದಕ್ಕೆ ಇಟ್ಟುಕೊಳ್ಳಬೇಕು.

ಮೊದಲ ರೆಟ್ರೋಗೆ ಹೋಗುವವರಿಗೆ

ಅಕ್ಕನ ಮಗಳಿಗೆ ನಾನು ಹೇಳಿದ್ದು ಇಷ್ಟು. ಎರಡು ವಾರದಲ್ಲಿ ನಿನಗೆ ಎಲ್ಲಿ ಹೊತ್ತು ಹೋಯ್ತು, ಎಲ್ಲಿ ಸಿಕ್ಕಿಹಾಕಿಕೊಂಡೆ, ಯಾರು ಕೈಹಿಡಿದರು ಎಂದು ಯೋಚಿಸು. ಒಂದೇ ಒಂದು ಚೀಟಿ ಬರೆ, ಸಾಕು. ಹೊಸಬಳು ಎಂದು ಸುಮ್ಮನಿರಬೇಡ. ಅಲ್ಲಿರುವವರಿಗೆಲ್ಲ ರೂಢಿಯಾಗಿ ಕಣ್ಣಿಗೆ ಬೀಳದೆ ಹೋದದ್ದು ನಿನಗೆ ಕಾಣುತ್ತದೆ.

ಶುಕ್ರವಾರ ರಾತ್ರಿ ಮತ್ತೆ ಫೋನ್ ಬಂತು. ಅವಳು ಬರೆದದ್ದು ಲ್ಯಾಪ್‌ಟಾಪಿನ ಬಗ್ಗೆ. ಸೇರಿದ ಮೇಲೆ ಪ್ರೋಗ್ರಾಂ ತನ್ನ ಲ್ಯಾಪ್‌ಟಾಪಿನಲ್ಲಿ ನಡೆಯುವಂತೆ ಮಾಡಿಕೊಳ್ಳಲು ಮೂರು ದಿನ ಹಿಡಿಯಿತು, ಕೊಟ್ಟ ಸೂಚನೆಯಲ್ಲಿ ನಡುವಿನ ಎರಡು ಹೆಜ್ಜೆ ಇರಲಿಲ್ಲ, ತನಗೇ ತಲೆ ಓಡುತ್ತಿಲ್ಲವೇನೋ ಎಂದುಕೊಂಡು ಯಾರನ್ನೂ ಕೇಳಿರಲಿಲ್ಲ. ಚೀಟಿ ಓದಿದ ಕೂಡಲೇ ಇನ್ನಿಬ್ಬರು “ನಂಗೂ ಹಂಗೇ ಆಗಿತ್ತು” ಎಂದರಂತೆ. ಒಬ್ಬರು ಸೇರಿ ಒಂದು ವರ್ಷವಾಗಿತ್ತು.

“ಆ ಎರಡು ಸ್ಟೆಪ್ ಸೇರಿಸಿ ಬರೆಯೋ ಕೆಲಸ ನಂಗೇ ಕೊಟ್ಟಿದಾರೆ ಚಿಕ್ಕಮ್ಮ. ಬುಧವಾರದೊಳಗೆ. ಮುಂದಿನ ಸೋಮವಾರ ಒಬ್ಬ ಹೊಸ ಹುಡುಗ ಸೇರ್ತಾನಂತೆ, ಅವನ ಪಕ್ಕ ಕೂತು ಎಲ್ಲಿ ನಿಲ್ತಾನೆ ಅಂತ ಗುರುತು ಹಾಕ್ಕೋಬೇಕು.”